ಹೆಸರುಕಾಳಿನ ಮೇಲೆ ಮಂಡಿಯೂರಿದ ಅತ್ತೆ

"ಇನ್ನೊಂದು ಮೆಟ್ಟಿಲು ಹತ್ತಿ ನೋಡು, ಈ ಬಿಸಿ ಹಾಲು ನಿನ್ನ ತಲೆ ಮೇಲೆ!"

ಪಾನ್ಯಾಂಗ್ ಅಜ್ಜಿ ಬಿದಿರಿನ ಮೆಟ್ಟಿಲುಗಳ ತುದಿಯಲ್ಲಿ ನಿಂತು ಸೌಟನ್ನು ಎತ್ತಿ ಹಿಡಿದಿದ್ದಳು. ಸೌಟಿನಿಂದ ಎಮ್ಮೆ ಹಾಲು ತೊಟ್ಟಿಕ್ಕಿ ಹೊಗೆಯಾಡುತ್ತಿತ್ತು. ಕೆಳಗೆ, ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತವಳು ಮಿರಾಸೋಲ್ ವೆರ್ಗಾರಾ. ಮನಿಲಾದಿಂದ ಹಿಡಿದು ಹಡಗು ಹೋಗುವ ಕೊನೆಯ ದ್ವೀಪದವರೆಗೆ ಆ ಮುಖ ಗೊತ್ತಿಲ್ಲದ ಮನುಷ್ಯನಿರಲಿಲ್ಲ. ಅವಳ ಪಕ್ಕದಲ್ಲಿ ಮಗ ಅನ್ಸೆಲ್ಮೊ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿ ಅಂಗಿಯೊಳಗೆ ಬೆವರುತ್ತಿದ್ದ. ಹಿಂದೆ ಕುದುರೆಗಾಡಿಯಲ್ಲಿ ಹುರಿದ ಹಂದಿಮರಿ, ಬಾಳೆಲೆ ಸುತ್ತಿದ ಅಕ್ಕಿ ಕಡುಬು, ಸೇವಿಗೆಯ ದೊಡ್ಡ ತಟ್ಟೆ, ಎಲ್ಲವೂ ಬಿಸಿಲಿಗೆ ಒಣಗುತ್ತಿದ್ದವು. ಹೆಣ್ಣು ಕೇಳುವುದಕ್ಕೆ ಗಂಡಿನ ಕಡೆಯವರು ಊಟ ಹೊತ್ತು ಹೆಣ್ಣಿನ ಮನೆಯ ಮೆಟ್ಟಿಲು ಹತ್ತಬೇಕು. ಅದೇ ಶಾಸ್ತ್ರ. ಮೆಟ್ಟಿಲು ಹತ್ತಗೊಡಲಿಲ್ಲ ಅಂದರೆ ಮಾತೇ ಮುಗಿದ ಹಾಗೆ!

"ಅಜ್ಜೀ, ಹಿರಿಯರಿಗೆ ನಮಸ್ಕಾರ ಮಾಡೋ ಹಾಗೆ ನಿಮ್ಮ ಕೈಯನ್ನ ಹಣೆಗೆ ಒತ್ತಿಕೊಂಡು ಹೋಗ್ತೀನಿ, ಅಷ್ಟೇ..." ಅಂದಳು ಮಿರಾಸೋಲ್.

"ನನ್ನ ಕೈ ನಿನಗೆ ಯಾಕೆ? ನಿನ್ನ ಕೈ ಎಂಥದ್ದು ಅಂತ ನಾನು ನೋಡಿದೀನಿ. ನಮ್ಮೂರ ಟಾಕೀಸಿನಲ್ಲಿ ನೋಡಿದೀನಿ. ಆ ಬಸುರಿ ಸೊಸೇನ ಹೆಸರುಕಾಳಿನ ಮೇಲೆ ಮಂಡಿಯೂರಿಸಿ, ತಲೆ ಮೇಲೆ ತುಂಬಿದ ಗಡಿಗೆ ಹೊರಿಸಿ, ನೀನು ಬೀಸಣಿಗೆ ಬೀಸಿಕೊಂಡು ಕೂತಿದ್ದೆ! ಹುಬ್ಬು ಏರಿಸಿಕೊಂಡು! ಅಯ್ಯೋ, ಅವಳು ಬಿದ್ದಾಗ ನೀನು ನಕ್ಕೆಯಲ್ಲ, ಆ ನಗು... ಮೂರು ರಾತ್ರಿ ನನಗೆ ನಿದ್ದೆ ಇಲ್ಲ!"

"ಅಜ್ಜೀ, ಅದು ಸಿನಿಮಾ," ಅನ್ಸೆಲ್ಮೊ ಬಾಯಿ ಹಾಕಿದ.

"ಸಿನಿಮಾ ಅಂತ ನನಗೂ ಗೊತ್ತು ಕಣೋ. ನಾನೇನು ಪೆದ್ದಿಯಾ? ಸಿನಿಮಾದಲ್ಲಿ ಒಬ್ಬಳು ಹಾಡಿದ್ರೆ ಅವಳಿಗೆ ಹಾಡೋಕೆ ಬರುತ್ತೆ ಅಂತ. ಕುಣಿದ್ರೆ ಕುಣಿಯೋಕೆ ಬರುತ್ತೆ ಅಂತ. ಹಂಗಾದ್ರೆ ನಿಮ್ಮಮ್ಮ ಹೊಡೆದ ಹೊಡೆತ ಎಲ್ಲಿಂದ ಬಂತು? ಆಕಾಶದಿಂದ ಉದುರ್ತಾ?"

ಬೇಲಿಯಾಚೆ ಸೇರಿದ್ದ ನೆರೆಹೊರೆಯವರು "ಹೌದಲ್ಲ" ಎಂದು ತಲೆಯಾಡಿಸಿದರು. ಮೇಲೆ ಕಿಟಕಿಯ ಹಿಂದೆ ಅಳುತ್ತಿದ್ದ ಹುಡುಗಿ ರೆಮಿ, ಅಂದರೆ ಈ ಜಗಳಕ್ಕೆ ಕಾರಣಳಾದ ಮದುಮಗಳು, ಮುಖ ಮುಚ್ಚಿಕೊಂಡಳು.

ಮಿರಾಸೋಲ್ ಕಾಲು ಹಿಂದೆಗೆದಳು. ಹಂದಿಮರಿಯನ್ನು ಇಳಿಸದೆಯೇ ಗಾಡಿ ತಿರುಗಿಸಬೇಕಾಗಿ ಬಂತು. ಅಷ್ಟು ಹೊತ್ತಿಗೆ ಮನೆಯ ಕೆಳಗೆ ಹಾಲು ಕಾಯಿಸುವ ಅಡುಗೆಮನೆಯಿಂದ ಒಬ್ಬ ದಪ್ಪ ಮನುಷ್ಯ ಕೈ ಒರೆಸಿಕೊಳ್ಳುತ್ತಾ ಓಡಿಬಂದ. ಅವನು ದಾಮಿಯಾನ್, ಅಜ್ಜಿಯ ಮಗ, ರೆಮಿಯ ಸೋದರಮಾವ. ಮದುವೆಯಾಗದೆ ತಾಯಿಯ ಜೊತೆ ಹಾಲು ಕಾಯಿಸಿ ಮಿಠಾಯಿ ಮಾಡುವುದೇ ಅವನ ಬದುಕು.

"ಬೇಜಾರು ಮಾಡ್ಕೋಬೇಡಿ ಅಕ್ಕಾವ್ರೇ," ಅಂದ ಮೆಲ್ಲಗೆ. "ಅಮ್ಮ ಕೆಟ್ಟೋಳಲ್ಲ. ನಮ್ಮಕ್ಕನ್ನ, ಅಂದ್ರೆ ರೆಮಿಯ ತಾಯಿನ, ದೂರದೂರಿಗೆ ಕೊಟ್ಟಿದ್ರು. ಅತ್ತೆ ಅಂದ್ರೆ ಅಂಥಾ ಅತ್ತೆ. ತುಂಬಿದ ಬಸುರೀನ ಗದ್ದೆಗೆ ಇಳಿಸಿದ್ಳು. ಹೆರಿಗೆ ಆದ ದಿನಾನೇ ಹೋಗಿಬಿಟ್ಳು ಅಕ್ಕ... ಅಮ್ಮ ಹೋಗಿ ಕೂಸನ್ನ ಬಟ್ಟೇಲಿ ಕಟ್ಟಿಕೊಂಡು ಬಂದ್ರು. ಅವತ್ತಿಂದ ಅಮ್ಮ ಒಂದೇ ಮಾತು ಹೇಳೋದು: 'ಒಂದು ಸಲ ಕಣ್ಣು ಮುಚ್ಚಿ ಕೊಟ್ಟೆ, ಇನ್ನೊಂದು ಸಲ ಕೊಡಲ್ಲ' ಅಂತ."

ಮಿರಾಸೋಲ್ ಗಾಡಿಯ ಗಾಲಿ ಹಿಡಿದು ನಿಂತುಬಿಟ್ಟಳು. ಅಷ್ಟು ಹೊತ್ತು ಎದೆಯಲ್ಲಿ ಉರಿಯುತ್ತಿದ್ದ ಅವಮಾನ ಎಲ್ಲಿ ಹೋಯಿತೋ! ಅಯ್ಯೋ ದೇವರೇ, ಒಂದು ಹೆಣ್ಣಿಗಾಗಿ ಮೆಟ್ಟಿಲ ಮೇಲೆ ಸೌಟು ಹಿಡಿದು ನಿಲ್ಲುವ ಅಜ್ಜಿ! ತನಗಾಗಿ ಯಾರು ನಿಂತಿದ್ದರು? ಉತ್ತರದ ಹೊಗೆಸೊಪ್ಪಿನ ಊರಿನಿಂದ ಹದಿನಾರರ ಹರೆಯದಲ್ಲಿ ನಾಟಕ ಕಂಪನಿಯ ಹಿಂದೆ ಹೊರಟಾಗ ತನ್ನ ಮನೆಯಲ್ಲಿ ಒಂದು ನಾಯಿಯೂ ಬೊಗಳಲಿಲ್ಲ. ಈ ಮುದುಕಿ ತನ್ನನ್ನು ಬೈದದ್ದು ಮೊಮ್ಮಗಳ ಮೇಲಿನ ಪ್ರೀತಿಗೆ ಅಲ್ಲವೇ? ಅಂಥ ಮನೆಯ ಹುಡುಗಿ ಬೇಕು ತನ್ನ ಮಗನಿಗೆ. ಬೇಕೇ ಬೇಕು!

ಅನ್ಸೆಲ್ಮೊ ಅಷ್ಟರಲ್ಲಿ ಮತ್ತೆ ಮೆಟ್ಟಿಲ ಬಳಿ ಹೋಗಿ ಕೂಗಿದ: "ಅಜ್ಜೀ, ಹಳೇ ಕಾಲದ ಪದ್ಧತಿ ಪ್ರಕಾರ ನಾನು ನಿಮ್ಮ ಮನೆ ಚಾಕರಿ ಮಾಡ್ತೀನಿ. ನೀರು ಹೊರ್ತೀನಿ, ಸೌದೆ ಒಡೀತೀನಿ. ನಿಮಗೆ ಒಪ್ಪಿಗೆ ಆಗೋವರೆಗೆ ಮಾಡ್ತೀನಿ."

"ನೀನು ಯಾಕೋ ಮಾಡ್ತೀಯ? ನಿನ್ನ ಮೇಲೆ ನನಗೇನು ಸಿಟ್ಟಿಲ್ಲ. ಔಷಧಿ ಅಂಗಡೀಲಿ ಪುಡಿ ಅರೆಯೋ ಕೈ, ಸೌದೆ ಒಡೆದು ಬೆರಳು ಕಳ್ಕೊಂಡೀಯ." ಅಜ್ಜಿಯ ಕಣ್ಣು ನಿಧಾನವಾಗಿ ಮಿರಾಸೋಲಳತ್ತ ತಿರುಗಿತು. "ಮದುವೆ ಆದ್ಮೇಲೆ ನನ್ನ ಕೂಸು ಇರಬೇಕಾದ್ದು ಯಾರ ಕೈಯಲ್ಲಿ? ಅವಳ ಕೈಯಲ್ಲಿ. ಚಾಕರಿ ಮಾಡೋದಾದ್ರೆ ಅವಳು ಮಾಡ್ಲಿ!"

ಬೇಲಿಯಾಚೆ ಯಾರೋ ಕಿಸಕ್ಕನೆ ನಕ್ಕರು. ಗಂಡು ಚಾಕರಿ ಮಾಡುವುದನ್ನು ಅವರು ಕಂಡಿದ್ದರು. ಗಂಡಿನ ತಾಯಿ ಮಾಡುವುದನ್ನು ಯಾವ ಊರಿನಲ್ಲೂ ಕಂಡಿರಲಿಲ್ಲ.

"ಆಗಲಿ ಅಜ್ಜಿ," ಅಂದಳು ಮಿರಾಸೋಲ್. "ಯಾವಾಗ ಬರಲಿ?"

ಮಿರಾಸೋಲಳ ಆ ಕೈಯ ಕತೆಯನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಯುದ್ಧಕ್ಕೆ ಮುಂಚೆ ಅವಳು ಯಾರಿಗೂ ಹೊಡೆದವಳಲ್ಲ, ಹೊಡೆಸಿಕೊಂಡವಳೂ ಅಲ್ಲ. ಮನಿಲಾದ ರಂಗದ ಮೇಲೆ ಹಾಡುತ್ತಿದ್ದವಳನ್ನು ಮಾತಾಡುವ ಚಿತ್ರಗಳು ಬಂದ ಹೊಸದರಲ್ಲಿ ಸ್ಟುಡಿಯೋದವರು ಕರೆದೊಯ್ದರು. ಮಲ್ಲಿಗೆ ಮುಡಿದು, ತೆಂಗಿನ ಮರಕ್ಕೆ ಒರಗಿ, ಹಾಡಿ ಅಳುವ ನಾಯಕಿ. ಅಲ್ಲಿ ಧ್ವನಿ ಹಿಡಿಯುವ ಯಂತ್ರದ ಮುಂದೆ ಕಿವಿಗೆ ಡಬ್ಬಿ ಹಾಕಿಕೊಂಡು ಕೂರುತ್ತಿದ್ದ ಮಿತಭಾಷಿಯನ್ನು ಮದುವೆಯಾದಳು. ಅನ್ಸೆಲ್ಮೊ ಹುಟ್ಟಿದ. ಆಮೇಲೆ ಯುದ್ಧ ಬಂತು. ನಗರ ಹೊತ್ತಿ ಉರಿದ ಆ ತಿಂಗಳಲ್ಲಿ ಗಂಡ ನೀರು ತರಲು ಹೋದವನು ಬರಲೇ ಇಲ್ಲ... ಬೂದಿಯಾದ ಊರಿನಲ್ಲಿ ಪುಟ್ಟ ಮಗನ ಕೈ ಹಿಡಿದು ಮಿರಾಸೋಲ್ ಮತ್ತೆ ಸ್ಟುಡಿಯೋ ಬಾಗಿಲಿಗೆ ಬಂದಾಗ, ವಿಧವೆ ನಾಯಕಿ ಯಾರಿಗೂ ಬೇಕಿರಲಿಲ್ಲ. ದಿನವೂ ಬಂದು ಮರದ ಕೆಳಗೆ ಕೂತು ಹೋಗುತ್ತಿದ್ದಳು. ಒಂದು ಬೆಳಗ್ಗೆ, ಕೆಟ್ಟ ಅತ್ತೆಯ ಪಾತ್ರಕ್ಕೆ ಬರಬೇಕಾದವಳು ಜ್ವರ ಬಂದು ಮಲಗಿದಳು. ನಿರ್ದೇಶಕ ಕಿಟಕಿಯಿಂದ ನೋಡಿ, "ಆ ಮರದ ಕೆಳಗಿನವಳನ್ನು ಕರೀರಿ, ಹಸಿದಿರೋ ಮುಖ ಅದೆ, ಸರಿಹೋಗುತ್ತೆ" ಅಂದ.

ಆಗಿನ ಚಿತ್ರಗಳಲ್ಲಿ ಕೆನ್ನೆಗೆ ಹೊಡೆದರೆ ನಿಜವಾಗಿಯೇ ಹೊಡೆಯಬೇಕಿತ್ತು. ಸುಳ್ಳು ಹೊಡೆತಕ್ಕೆ ಜನ ಶಿಳ್ಳೆ ಹಾಕಿ ನಗುತ್ತಿದ್ದರು. ಮಿರಾಸೋಲ್ ಎದುರಿನ ಹುಡುಗಿಯ ಕಿವಿಯಲ್ಲಿ "ಹಲ್ಲು ಕಚ್ಚಿಕೋ ಮಗಳೇ, ಒಂದೇ ಸಲ ಹೊಡೀತೀನಿ, ಎರಡನೇ ಸಲ ಬೇಕಾಗದ ಹಾಗೆ" ಅಂದು, ಹೊಡೆದಳು. ಒಂದೇ ಸಲ! ಆ ಚಿತ್ರ ಬಂದಾಗ ಟಾಕೀಸಿನಲ್ಲಿ ಹೆಂಗಸರು ಎದ್ದು ನಿಂತು ಶಾಪ ಹಾಕಿದರು. ಟಾಕೀಸಿನ ಮಾಲೀಕರೆಲ್ಲ "ಆ ರಾಕ್ಷಸಿಯನ್ನು ಪ್ರತಿ ಚಿತ್ರದಲ್ಲೂ ಹಾಕಿ" ಎಂದರು. ಅಲ್ಲಿಂದ ಶುರುವಾಯಿತು. ಮಾರುಕಟ್ಟೆಯಲ್ಲಿ ಮೀನಿನವಳು ಅವಳಿಗೆ ಮೀನು ಕೊಡುತ್ತಿರಲಿಲ್ಲ. ಇಗರ್ಜಿಯಲ್ಲಿ ಪಕ್ಕ ಕೂತವರು ಎದ್ದು ಬೇರೆ ಬೆಂಚಿಗೆ ಹೋಗುತ್ತಿದ್ದರು. ಬಸ್ಸಿನಲ್ಲಿ ಒಬ್ಬ ಮುದುಕಿ ತೋಳಿಗೆ ಚಿವುಟಿ ನೀಲಿ ಮಾಡಿ ಇಳಿದುಹೋದಳು. ಮಿರಾಸೋಲ್ ಮನೆಗೆ ಬಂದು ಆ ನೀಲಿ ಗುರುತಿಗೆ ಎಣ್ಣೆ ಸವರಿಕೊಳ್ಳುತ್ತಾ ಕನ್ನಡಿಯ ಮುಂದೆ ನಗುತ್ತಿದ್ದಳು. ಬೇರೆ ನಟಿಯರಿಗೆ ಹೂಮಾಲೆ, ತನಗೆ ಇದು. ಜನ ನಂಬಿದ್ದಾರೆ ಅಂದರೆ ಕೆಲಸ ಸರಿಯಾಗಿದೆ. ಕೆಲಸ ಸರಿಯಾಗಿದ್ದರೆ ಮಗನ ತಟ್ಟೆಯಲ್ಲಿ ಅನ್ನ. ಅವಳಿಗೆ ಲೆಕ್ಕ ಇಷ್ಟೇ ಗೊತ್ತಿತ್ತು. ಆ ಲೆಕ್ಕಕ್ಕೆ ದಿನವೂ ದೇವರಿಗೆ ಕೈ ಮುಗಿಯುತ್ತಿದ್ದಳು.

ಸ್ಟುಡಿಯೋ ಯಜಮಾನರು ಅಜ್ಜಿಯ ಚಾಕರಿಯ ಕತೆ ಕೇಳಿ ಹೊಟ್ಟೆ ಹಿಡಿದು ನಕ್ಕರು. "ಹೋಗಿ ಬಾ ಮಿರಾಸೋಲ್, ಮುಂದಿನ ಚಿತ್ರ ಮಳೆಗಾಲದ ಹೊತ್ತಿಗೆ. ಅಷ್ಟರಲ್ಲಿ ಆ ಅಜ್ಜಿ ನಿನ್ನನ್ನ ಹಾಲಲ್ಲಿ ಬೇಯಿಸದಿದ್ರೆ ಸಾಕು!"

ಹಾಗೆ ಮಿರಾಸೋಲ್ ವೆರ್ಗಾರಾ ಸಾನ್ ಮಿಗೆಲ್ ಊರಿಗೆ, ಅಜ್ಜಿಯ ಹಾಲಿನ ಅಡುಗೆಮನೆಗೆ ಬಂದಳು. ಮೆಟ್ಟಿಲು ಹತ್ತುವ ಅಪ್ಪಣೆ ಇರಲಿಲ್ಲ. ಮನೆಯ ಕೆಳಗೆ, ಕಂಬಗಳ ನಡುವೆ, ಒಲೆಯ ಪಕ್ಕದಲ್ಲಿ ಚಾಪೆ. ಬೆಳಕು ಹರಿಯುವ ಮುಂಚೆ ದಾಮಿಯಾನ್ ಎಮ್ಮೆ ಹಾಲು ಕರೆದು ತರುತ್ತಿದ್ದ. ಅಗಲ ಬಾಣಲೆಗೆ ಹಾಲು ಸುರಿದ ಮೇಲೆ ಮರದ ಹುಟ್ಟು ಹಿಡಿದು ತಿರುವುತ್ತಲೇ ಇರಬೇಕು. ಒಂದು ಗಳಿಗೆ ಕೈ ನಿಂತರೂ ತಳ ಹಿಡಿಯುತ್ತದೆ, ಹೊಗೆ ವಾಸನೆ ಬಂದ ಮಿಠಾಯಿಯನ್ನು ಹಂದಿಗೂ ಹಾಕುವಂತಿಲ್ಲ. ಮೊದಲ ದಿನವೇ ಅವಳ ಅಂಗೈಗೆ ಬೊಬ್ಬೆ ಬಂತು. ಬೇಲಿಯ ಸುತ್ತ ಊರಿಗೆ ಊರೇ. ಮಕ್ಕಳು ಪೇರಳೆ ಮರ ಹತ್ತಿ ಕೂತರು.

"ಏ ರಾಕ್ಷಸಿ, ಹುಬ್ಬು ಏರಿಸು ನೋಡೋಣ!"

"ಒಂದು ಸಲ ನಗು! ಆ ಕೆಟ್ಟ ನಗು!"

"ನಿನ್ನ ಸೊಸೇನೂ ಹಿಂಗೇ ದುಡಿಸ್ತಿದ್ದೆ, ಈಗ ಗೊತ್ತಾಯ್ತಾ?"

ಮಿರಾಸೋಲ್ ತಲೆಯೆತ್ತಿ, "ಗೊತ್ತಾಯ್ತಕ್ಕಾ, ಚೆನ್ನಾಗಿ ಗೊತ್ತಾಯ್ತು" ಅಂದು ಮತ್ತೆ ತಿರುವುತ್ತಿದ್ದಳು.

ಮೇಲೆ ಬಿದಿರಿನ ನೆಲದ ಸಂದಿಯಿಂದ ಅಜ್ಜಿಯ ಕಣ್ಣು ನೋಡುತ್ತಲೇ ಇರುತ್ತಿತ್ತು. ಬಾಣಲೆ ತಿಕ್ಕಿದರೆ ಒಂದು ಮಾತು, ತಿಕ್ಕದಿದ್ದರೆ ಒಂದು ಮಾತು. ಅದಕ್ಕಿಂತ ಕಷ್ಟದ ವಿಷಯ ಬೇರೆಯೇ ಇತ್ತು. ಮಿರಾಸೋಲ್ ಏನು ಒಳ್ಳೆಯದು ಮಾಡಿದರೂ ಮುದುಕಿ ಅದನ್ನು ತಳ್ಳಿಹಾಕುತ್ತಿದ್ದಳು. ಅಜ್ಜಿಯ ಊದಿದ ಕಾಲಿಗೆ ಶುಂಠಿ ಎಣ್ಣೆ ಕಾಯಿಸಿ ಕಳಿಸಿದರೆ, "ನಟನೆ!" ಪೇರಳೆ ಮರದಿಂದ ಬಿದ್ದು ಅಳುತ್ತಿದ್ದ ಮಗುವನ್ನು ಎತ್ತಿ ಸಮಾಧಾನ ಮಾಡಿದರೆ, "ಆಹಾ, ಏನು ನಟನೆ!" ಪಕ್ಕದ ಮನೆಯವಳೊಬ್ಬಳು ಮೀನು ತೊಳೆದ ನೀರನ್ನು ಬೇಕೆಂದೇ ಅವಳ ಮೇಲೆ ಎರಚಿದಳು. ಮಿರಾಸೋಲ್ ಮುಖ ಒರೆಸಿಕೊಂಡು ಸುಮ್ಮನಿದ್ದಳು.

"ನೋಡಿದ್ಯೇನೋ?" ಮೇಲಿಂದ ಅಜ್ಜಿ ಮಗನಿಗೆ ಹೇಳುವುದು ಕೇಳಿಸಿತು. "ಮೈಮೇಲೆ ಮೀನಿನ ನೀರು ಬಿದ್ರೆ ಯಾವ ಹೆಂಗಸು ಸುಮ್ಮನಿರ್ತಾಳೆ? ನನ್ನ ಮೇಲೆ ಎರಚಿದ್ರೆ ನಾನು ಅವಳ ಜುಟ್ಟು ಕಿತ್ತಿರ್ತಿದ್ದೆ. ಇವಳು ಸುಮ್ಮನಿದ್ದಾಳೆ ಅಂದ್ರೆ ಒಳಗೆ ಏನೋ ಬಚ್ಚಿಟ್ಟಿದ್ದಾಳೆ ಅಂತ."

"ಅಮ್ಮಾ, ಅವರು ಬೈದ್ರೆ ಕೆಟ್ಟೋರು ಅಂತೀಯ, ಬೈಯದಿದ್ರೆ ನಟನೆ ಅಂತೀಯ. ಅವರು ಏನು ಮಾಡ್ಬೇಕು ಹೇಳು?"

"ನೀನು ಬಾಯ್ಮುಚ್ಚು. ಸಿನಿಮಾ ಹುಚ್ಚ!"

ಒಲೆಯ ಪಕ್ಕ ಕೂತು ಮಿರಾಸೋಲ್ ಕಣ್ಣೀರು ಬಂದರೂ ನಕ್ಕಳು. ದಾಮಿಯಾನ್ ಹೇಳಿದ್ದು ಸರಿಯಾಗಿತ್ತು. ಏನು ಮಾಡಬೇಕು? ಇಷ್ಟು ವರ್ಷ ಕೆಟ್ಟತನವನ್ನು ಅಷ್ಟು ಚೆನ್ನಾಗಿ ಮಾಡಿ ತೋರಿಸಿದ ಮೇಲೆ, ಒಳ್ಳೆಯತನವನ್ನು ಯಾವ ಮುಖದಿಂದ ತೋರಿಸುವುದು? ಇದ್ದದ್ದು ಒಂದೇ ಮುಖ! ಆದರೂ ಅವಳಿಗೆ ಆ ದಿನಗಳು ಬೇಸರವಾಗಲಿಲ್ಲ. ರೆಮಿ ಕದ್ದು ಇಳಿದು ಬಂದು, "ಅತ್ತೆ, ನಿಮ್ಮ ಕೈ ಕೊಡಿ" ಅಂದು ಬೊಬ್ಬೆಗೆ ಬೆಣ್ಣೆ ಹಚ್ಚುತ್ತಿದ್ದಳು. ಮಿಠಾಯಿ ಸುತ್ತಲು ಬಣ್ಣದ ಕಾಗದವನ್ನು ಚಿಕ್ಕ ಕತ್ತರಿಯಿಂದ ಬಳ್ಳಿ, ಹೂವು, ಹಕ್ಕಿಯಾಗಿ ಕತ್ತರಿಸುವುದನ್ನು ಕಲಿಸಿಕೊಡುತ್ತಿದ್ದಳು. ಮಿರಾಸೋಲಳ ಹಕ್ಕಿ ಪ್ರತಿ ಸಲವೂ ಕೋಳಿಯಂತೆ ಬರುತ್ತಿತ್ತು. ಹುಡುಗಿ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಡ ಹೋದ ಮೇಲೆ ತನ್ನ ಸುತ್ತ ಹೀಗೆ ನಗುವ ಹೆಣ್ಣುದನಿ ಇರಲಿಲ್ಲವಲ್ಲ ಅಂತ ಅವಳ ಕರುಳು ಕರಗುತ್ತಿತ್ತು. ಈ ಮಗುವನ್ನು ಕೊಡಿಸು ತಾಯಿ, ಕೊಡಿಸು... ಎಂದು ಒಲೆಯ ಬೆಂಕಿಗೇ ಬೇಡಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಅನ್ಸೆಲ್ಮೊ ಮನಿಲಾದಿಂದ ಬಂದ. ಇಗರ್ಜಿಯ ಪೂಜೆ ಮುಗಿಸಿ ಬಂದ ಅಜ್ಜಿ ಮೊದಲ ಸಲ ಮೇಲಿನಿಂದ ಕರೆದಳು: "ಹತ್ತಿ ಬನ್ನಿ. ಇಬ್ಬರೂ."

ಮಿರಾಸೋಲ್ ಕಾಲು ತೊಳೆದು ಮೆಟ್ಟಿಲು ಹತ್ತಿದಳು. ಒಳಗೆ ದೇವರ ಗೂಡಿನಲ್ಲಿ ಕೆಂಪು ನಿಲುವಂಗಿಯ ಬಾಲಯೇಸುವಿನ ಮುಂದೆ ದೀಪ ಉರಿಯುತ್ತಿತ್ತು. ಅದರ ಮುಂದಿನ ನೆಲದ ಮೇಲೆ ಹಸಿರು ಹೆಸರುಕಾಳು ಹರಡಿತ್ತು.

ರೆಮಿ ಚೀರಿದಳು: "ಅಜ್ಜೀ, ಬೇಡ!"

"ನೀನು ಸುಮ್ಮನಿರು." ಅಜ್ಜಿ ಕಾಳಿನತ್ತ ಕೈ ತೋರಿದಳು. "ಇಷ್ಟು ದಿನ ನೋಡಿದೆ. ಕೆಲಸ ಮಾಡ್ತಾಳೆ, ಇಲ್ಲ ಅನ್ನಲ್ಲ. ಆದ್ರೆ ಯಾವುದು ಅವಳು, ಯಾವುದು ವೇಷ, ನನಗೆ ಗೊತ್ತಾಗ್ತಾ ಇಲ್ಲ. ನನಗೆ ವಯಸ್ಸಾಯ್ತು, ಹುಡುಗಿ ಓಡಿಹೋಗಿ ಮದುವೆ ಆಗ್ತಾಳೇನೋ ಅನ್ನೋ ಭಯ ಬೇರೆ. ಕೇಳು ತಾಯಿ. ಇದರ ಮೇಲೆ ಮಂಡಿಯೂರು. ಆ ಹುಡುಗೀನ ಮಂಡಿಯೂರಿಸಿದ ಹಾಗೆ. ಇನ್ಮೇಲೆ ಆ ಸಿನಿಮಾ ಕಡೆ ತಿರುಗಿ ನೋಡಲ್ಲ ಅಂತ ದೇವರ ಮುಂದೆ ಆಣೆ ಮಾಡು. ಆ ರಾಕ್ಷಸಿ ಸತ್ತಳು ಅನ್ನು. ಆಗ ಕೊಡ್ತೀನಿ ನನ್ನ ಕೂಸನ್ನ."

ಮಿರಾಸೋಲ್ ಲಂಗ ಎತ್ತಿ ಹಿಡಿದು ಮೆಲ್ಲಗೆ ಮಂಡಿಯೂರಿದಳು. ಕಾಳುಗಳು ಚರ್ಮದೊಳಗೆ ಇಳಿದವು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನೋಡು, ನೋವು ಕೂಡ ಕಾಣಿಸ್ತಿಲ್ಲ ಇವಳಿಗೆ!" ಅಂದಳು ಅಜ್ಜಿ, ಸೋತವಳಂತೆ.

ಮಗನ ಮದುವೆಗಾಗಿ ಏನು ಬಿಡಲಾರೆ? ಆಯಿತು, ಬಿಡುತ್ತೇನೆ... ಅಂದುಕೊಂಡು ಮಿರಾಸೋಲ್ ಬಾಯಿ ತೆರೆದಳು. ಸತ್ತಳು ಅನ್ನಬೇಕೇ? ಯಾರನ್ನು? ಆ ರಾಕ್ಷಸಿಯನ್ನೇ? ತನ್ನನ್ನೂ ಮಗನನ್ನೂ ಬೂದಿಯಿಂದ ಎತ್ತಿ ನಿಲ್ಲಿಸಿದವಳನ್ನೇ? ತೆರೆದ ಬಾಯಿ ಮುಚ್ಚಿ ದೀಪವನ್ನೇ ನೋಡಿದಳು.

"ಹೇಳಿಬಿಡಮ್ಮ," ಅನ್ಸೆಲ್ಮೊ ಅವಸರಿಸಿದ. "ಏನಿದೆ ಅದರಲ್ಲಿ? ಬಿಟ್ರೆ ನನಗೂ ಒಳ್ಳೇದೇ. ಶಾಲೆಯಲ್ಲಿ ಹುಡುಗರು ನನ್ನನ್ನ 'ರಾಕ್ಷಸಿ ಮಗ' ಅಂತಿದ್ರು, ಗೊತ್ತಾ ನಿನಗೆ? ನಿನ್ನ ಪೋಸ್ಟರ್ ಇರೋ ಬೀದಿ ಬಿಟ್ಟು ಸುತ್ತಿಕೊಂಡು ಹೋಗ್ತಿದ್ದೆ. ನನಗೆ ಯಾವತ್ತೂ ಆ ಕೆಲಸ ಅಂದ್ರೆ ನಾಚಿಕೆನೇ. ಸಾಕು, ಬಿಟ್ಟುಬಿಡು..."

ಮಿರಾಸೋಲ್ ಎದ್ದಳು.

"ನಾಚಿಕೆ? ನಾ... ನಾಚಿಕೆನಾ ನಿನಗೆ?"

ಹುಬ್ಬು ಏರಲಿಲ್ಲ. ದನಿ ತಗ್ಗಲಿಲ್ಲ. ಗಂಟಲು ಒಡೆದು ಕೀರಲಾಯಿತು, ಕುತ್ತಿಗೆ ಕೆಂಪಾಯಿತು, ಮೂಗು ಸೋರತೊಡಗಿತು.

"ನಿನ್ನ... ನಿನ್ನ ಮೈಮೇಲಿರೋ ಅಂಗಿ, ಆ ಗುಂಡಿ, ನಿನ್ನ ಪಾಠ, ನೀನು ಅರೆಯೋ ಆ ಹಾಳು ಪುಡಿ... ಎಲ್ಲಾ ಅವಳು ಕೊಟ್ಟಿದ್ದು ಕಣೋ! ನಿಮ್ಮಪ್ಪ ನೀರಿಗೆ ಹೋಗಿ ಬರಲಿಲ್ಲ. ನೀನು ಹಸಿವು ಹಸಿವು ಅಂತ ಸುಣ್ಣದ ಗೋಡೆ ನೆಕ್ಕುತ್ತಿದ್ದೆ! ಗೋಡೆ ನೆಕ್ಕುತ್ತಿದ್ದೆ, ನೆನಪಿದೆಯಾ? ಒಳ್ಳೆಯವರು ಯಾರೋ ಬಂದ್ರು? ಯಾವ ಒಳ್ಳೇ ನಾಯಕಿ ಬಂದ್ಳು? ಆ ರಾಕ್ಷಸಿ ಬಂದ್ಳು! ಬೆಳಗ್ಗೆ ಹೋಗಿ ಒಬ್ಬಳಿಗೆ ಹೊಡೆದು, ಸಂಜೆ ನಿನಗೆ ಅನ್ನ ತಂದ್ಳು! ಜನ ಚಿವುಟಿದ್ರು, ಉಗಿದ್ರು, ನಾನು ಥ್ಯಾಂಕ್ಸ್ ಅಂದೆ, ಇವತ್ತಿಗೂ ಅಂತೀನಿ! ಅವಳಿಗೆ ದಿನಾ ಕೈ ಮುಗೀತೀನಿ... ಅವಳು ಸತ್ತಳು ಅಂತ ಹೇಳು ಅಂತಾರೆ! ಹೆಂಗೆ ಹೇಳಲಿ? ನನ್ನ ಬಾಯಿಂದ ಬರಲ್ಲ! ಬರಲ್ಲ ಅಜ್ಜಿ, ನೀವು ಹುಡುಗೀನ ಕೊಡಿ, ಬಿಡಿ, ನಿಮ್ಮ... ನಿಮ್ಮ ಕಾಲಿಗೆ ಬೀಳ್ತೀನಿ, ಬೇಕಾದ್ರೆ ಜೀವ ಇರೋವರೆಗೆ ಹಾಲು ತಿರುವ್ತೀನಿ, ಆದ್ರೆ... ಆದ್ರೆ ಅನ್ನ ಹಾಕಿದ ಕೈಗೆ ನಾನು ಗೋರಿ ತೋಡಲ್ಲ!"

ಬಿಕ್ಕಳಿಕೆ ಬಂತು. ಮುಂದಿನ ಮಾತು ಬಿಕ್ಕಳಿಕೆಯಲ್ಲಿ ಸಿಕ್ಕಿ ತುಂಡುತುಂಡಾಯಿತು. ಕೈ ಎತ್ತುವುದಕ್ಕೆ ಹೋಗಿ, ಎಲ್ಲಿ ಇಡಬೇಕೆಂದು ತಿಳಿಯದೆ, ತನ್ನ ಲಂಗವನ್ನೇ ಮುದ್ದೆ ಮಾಡಿ ಹಿಡಿದುಕೊಂಡಳು. ಮಂಡಿಗೆ ಅಂಟಿದ್ದ ಹೆಸರುಕಾಳುಗಳು ಒಂದೊಂದಾಗಿ ಬಿದಿರಿನ ನೆಲದ ಮೇಲೆ ಉದುರಿದವು. ಟಿಕ್... ಟಿಕ್... ಮಿರಾಸೋಲ್ ಎಲ್ಲ ಮುಗಿಯಿತು ಅಂದುಕೊಂಡಳು. ಮಗನ ಬದುಕನ್ನು ನನ್ನ ಬಾಯಿಂದಲೇ ಹಾಳು ಮಾಡಿದೆ!

ಪಾನ್ಯಾಂಗ್ ಅಜ್ಜಿ ಬಾಗಿ ಅವಳ ಮುಖವನ್ನೇ ನೋಡುತ್ತಿದ್ದಳು. ಮಗುವಿನ ಬಾಯಲ್ಲಿ ಹಲ್ಲು ಹುಡುಕುವವರಂತೆ, ಹತ್ತಿರದಿಂದ, ಬಹಳ ಹೊತ್ತು.

"ಇದೇನಾ ನಿನ್ನ ಕೋಪ?" ಅಂದಳು ಕೊನೆಗೆ.

ಮಿರಾಸೋಲ್ ಬಿಕ್ಕಳಿಸಿದಳು.

"ಇಷ್ಟೇನಾ? ಅಲ್ಲಿ ಕೋಪ ಬಂದ್ರೆ ಒಂದೇ ಹುಬ್ಬು ಏರುತ್ತೆ, ಮಾತು ಚಾಕು ಥರ ಮೆಲ್ಲಗೆ ಇಳಿಯುತ್ತೆ, ನೋಡೋರಿಗೆ ಚಳಿ ಹಿಡಿಯುತ್ತೆ. ಇಲ್ಲಿ ನೋಡಿದ್ರೆ ಮೂಗು ಸೋರ್ತಿದೆ! ಬಿಕ್ಕಳಿಕೆ ಬೇರೆ! ಅಯ್ಯೋ ನನ್ನಮ್ಮಾ... ಕೋಪ ಮಾಡ್ಕೊಳೋಕೂ ಬರಲ್ವಲ್ಲೇ ನಿನಗೆ! ನಮ್ಮನೆ ಕೋಳಿಗೆ ಇದಕ್ಕಿಂತ ಚೆನ್ನಾಗಿ ಕೋಪ ಬರುತ್ತೆ!"

ದಾಮಿಯಾನ್‌ಗೆ ನಗು ತಡೆಯಲಾಗಲಿಲ್ಲ. ಅಜ್ಜಿ ನಗಲಿಲ್ಲ. ಅವಳ ಸುಕ್ಕು ಕೆನ್ನೆಗಳ ಮೇಲೆ ನೀರು ಇಳಿಯುತ್ತಿತ್ತು. ಊದಿದ ಕಾಲು ಮಡಚಿ, ನರಳುತ್ತಾ, ನೆಲಕ್ಕೆ ಕೂತಳು. ಮಿರಾಸೋಲಳ ಲಂಗದ ಅಂಚು ಸರಿಸಿ, ಮಂಡಿಯಲ್ಲಿ ಇನ್ನೂ ನಾಟಿಕೊಂಡಿದ್ದ ಕಾಳುಗಳನ್ನು ಉಗುರಿನಿಂದ ಮೆಲ್ಲಗೆ ಕೀಳತೊಡಗಿದಳು.

"ನನ್ನ ಮಗಳ ಅತ್ತೇನ ನಾನು ನೋಡಿದ್ದೆ," ಅಂದಳು ಕೀಳುತ್ತಲೇ. "ಹೆಣ್ಣು ನೋಡೋಕೆ ಬಂದಾಗ ಎಷ್ಟು ನಯ, ಎಷ್ಟು ವಿನಯ! ಒಂದು ಮಾತು ಜೋರಾಗಿ ಆಡಲಿಲ್ಲ. ಅದನ್ನ ನಂಬಿ ಕೊಟ್ಟೆ. ಅದಕ್ಕೇ ನೀನು ಸುಮ್ಮನಿದ್ದಷ್ಟೂ ನನಗೆ ಭಯ ಆಗೋದು ಕಣಮ್ಮ... ಈಗ ಭಯ ಇಲ್ಲ. ಕೋಪದಲ್ಲಿ ಹಿಂಗೆ ಮೂಗು ಸೋರಿಸಿಕೊಂಡು ಅಳೋ ಹೆಂಗಸು ಯಾರಿಗೆ ಏನು ಮಾಡಿಯಾಳು! ನೋಯ್ತಿದೆಯಾ?"

"ನೋಯ್ತಿದೆ ಅಜ್ಜಿ," ಅಂದಳು ಮಿರಾಸೋಲ್. "ತುಂಬಾ ನೋಯ್ತಿದೆ."

"ಮೊದಲೇ ಹೇಳೋಕೇನಾಗಿತ್ತು, ಹುಚ್ಚಿ?"

ಅಷ್ಟರಲ್ಲಿ ಮುದುಕಿಯ ಕಣ್ಣು ಬಾಗಿಲ ಬಳಿ ಕಲ್ಲಾಗಿ ನಿಂತಿದ್ದ ಅನ್ಸೆಲ್ಮೊನ ಮೇಲೆ ಬಿತ್ತು. "ಬಾರೋ ಇಲ್ಲಿ. ನಾಚಿಕೆನಂತೆ! ತಾಯಿ ತಂದ ಅನ್ನ ತಿನ್ನೋವಾಗ ಬರಲಿಲ್ವಾ ನಾಚಿಕೆ? ಕಾಳು ಇನ್ನೂ ಅಲ್ಲೇ ಇದೆ. ಮಂಡಿಯೂರು!"

ಅನ್ಸೆಲ್ಮೊ ಬಂದು ಕಾಳಿನ ಮೇಲೆ ಮಂಡಿಯೂರಿದ. ತಾಯಿಯ ಎರಡೂ ಕೈ ಹಿಡಿದು ಮುಖಕ್ಕೆ ಒತ್ತಿಕೊಂಡ. ಹಾಲಿನ ಹುಟ್ಟು ಹಿಡಿದು ಒಡೆದ ಅಂಗೈಗಳು ಒದ್ದೆಯಾದವು. "ಗೋಡೆ ನೆಕ್ಕಿದ್ದು ನೆನಪಿರಲಿಲ್ಲಮ್ಮ..." ಅಂದ. "ನಿಜವಾಗಿ ನೆನಪಿರಲಿಲ್ಲ."

"ನೆನಪಿರಬಾರದು ಅಂತಲೇ ಅಲ್ಲವೇನೋ ನಾನು ದುಡಿದಿದ್ದು," ಅಂದಳು ತಾಯಿ. ಆಗ ಅವಳ ಅಳು ಕಟ್ಟೆಯೊಡೆಯಿತು. ಆದರೆ ಅದು ದುಃಖದ ಅಳುವಾಗಿರಲಿಲ್ಲ. ಎಷ್ಟು ಜನಕ್ಕೆ ಎಷ್ಟು ಋಣಿಯಾಗಿದ್ದಳು ಅವಳು! ಕಿಟಕಿಯಿಂದ ಕೈತೋರಿ ಕರೆದ ನಿರ್ದೇಶಕನಿಗೆ, ಹಲ್ಲು ಕಚ್ಚಿ ಕೆನ್ನೆ ಕೊಟ್ಟ ಹುಡುಗಿಯರಿಗೆ, ಶಾಪ ಹಾಕಿ ಹೊಟ್ಟೆ ತುಂಬಿಸಿದ ಜನಕ್ಕೆ. ಈಗ ನೆಲದ ಮೇಲೆ ಕೂತು ತನ್ನ ಮಂಡಿಯಿಂದ ಕಾಳು ಕೀಳುತ್ತಿರುವ ಈ ಮುದುಕಿಗೆ!

ಮದುವೆ ಮಳೆಗಾಲಕ್ಕೆ ಮುಂಚೆ ಸಾನ್ ಮಿಗೆಲ್ ಇಗರ್ಜಿಯಲ್ಲಿ ಆಯಿತು. ಮೀನಿನ ನೀರು ಎರಚಿದವಳೇ ಅಡುಗೆಗೆ ನಿಂತಳು. ದಾಮಿಯಾನ್ ಮಿಠಾಯಿಗೆ ಸುತ್ತಿದ ಕಾಗದಗಳಲ್ಲಿ ಕೋಳಿಗಳೂ ಇದ್ದವು. ಮಿರಾಸೋಲ್ ಸ್ಟುಡಿಯೋ ಬಿಡಲಿಲ್ಲ. ಬಿಡು ಅಂತ ಯಾರೂ ಮತ್ತೆ ಹೇಳಲಿಲ್ಲ.

ವರ್ಷ ತಿರುಗುವ ಹೊತ್ತಿಗೆ ಅವಳ ಹೊಸ ಚಿತ್ರ ಊರಿನ ಟಾಕೀಸಿಗೆ ಬಂತು. ಮನೆಮಂದಿಯೆಲ್ಲ ಹೊರಟರು. ಅಜ್ಜಿ ಹಟ ಮಾಡಿ ಮಿರಾಸೋಲಳ ಪಕ್ಕದಲ್ಲೇ ಕೂತಳು, ತುಂಬಿದ ಹೊಟ್ಟೆಯ ರೆಮಿ ಇನ್ನೊಂದು ಪಕ್ಕದಲ್ಲಿ. ದೀಪ ಆರಿತು. ಪರದೆಯ ಮೇಲೆ ಮಿರಾಸೋಲಳ ಮುಖ ಗೋಡೆಯಷ್ಟು ದೊಡ್ಡದಾಗಿ ಎದ್ದಿತು. ತಬ್ಬಲಿ ಹುಡುಗಿಯ ಕೂದಲು ಹಿಡಿದು ಎಳೆದಳು, ಒಂದು ಹುಬ್ಬು ಏರಿಸಿದಳು, ನಕ್ಕಳು. ಟಾಕೀಸು ಗೊಳೋ ಎಂದಿತು.

"ಬಿಡೇ ಅವಳನ್ನ! ನಿನ್ನ ಕೈ ಸೇದಿಹೋಗ!" ಪಾನ್ಯಾಂಗ್ ಅಜ್ಜಿ ಎದ್ದು ನಿಂತಳು. ಒಂದು ಕಾಲಿನ ಮರದ ಮೆಟ್ಟನ್ನು ಒದ್ದು ಕೈಗೆ ಹಾರಿಸಿಕೊಂಡು, ಪರದೆಗೆ ಬೀಸಿ ಎಸೆದಳು. ಅದು ರಾಕ್ಷಸಿಯ ಮೂಗಿಗೇ ಬಡಿಯಿತು. ಜನ ಚಪ್ಪಾಳೆ ಹೊಡೆದರು.

ಎಸೆದ ಮೇಲೆ ಮುದುಕಿಗೆ ಪಕ್ಕದಲ್ಲಿ ಯಾರಿದ್ದಾರೆಂದು ನೆನಪಾಯಿತು. ಗಾಬರಿಯಿಂದ ಪಕ್ಕಕ್ಕೆ ತಿರುಗಿ, ಕತ್ತಲಲ್ಲಿ ಮಿರಾಸೋಲಳ ಕೆನ್ನೆ ತಡಕಿ ಸವರಿದಳು.

"ನಿನಗಲ್ಲ ಮಗಳೇ... ನಿನಗಲ್ಲ. ಅವಳಿಗೆ!"

"ಗೊತ್ತಮ್ಮ," ಅಂದಳು ಮಿರಾಸೋಲ್.

ಪರದೆಯ ಮೇಲೆ ಹುಡುಗಿ ಮತ್ತೆ ಚೀರಿದಳು. ಅಜ್ಜಿ ಹಲ್ಲು ಕಡಿದಳು. "ಅಯ್ಯೋ, ಇನ್ನೂ ಬಿಡ್ತಿಲ್ಲವಲ್ಲೇ ಪಾಪಿ! ಏ ಮಗಾ, ಈ ಕಾಲು ಊದಿಕೊಂಡು ಮೆಟ್ಟು ಸಿಕ್ಕಿಹಾಕಿಕೊಂಡಿದೆ, ನನಗೆ ಬಗ್ಗೋಕಾಗಲ್ಲ..."

ಮಿರಾಸೋಲ್ ಸೀಟಿನಿಂದ ಇಳಿದು ಕತ್ತಲಲ್ಲಿ ನೆಲಕ್ಕೆ ಕೂತಳು. ಊದಿದ ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ನೋಯದ ಹಾಗೆ ಮೆಲ್ಲಗೆ ಇನ್ನೊಂದು ಮೆಟ್ಟನ್ನೂ ಬಿಚ್ಚಿ, ಲಂಗದ ಅಂಚಿನಿಂದ ಧೂಳು ಒರೆಸಿ, ಅಜ್ಜಿಯ ಕೈಗೆ ಕೊಟ್ಟಳು.